ಪದವಿಯೂ ಸನ್ನದೂ

ವೈದ್ಯಶಾಸ್ತ್ರವನ್ನು ಓದಿದವನು ವೈದ್ಯ, ನ್ಯಾಯಶಾಸ್ತ್ರವನ್ನು ಓದಿದವನು ವಕೀಲ. ಅದೇ ನ್ಯಾಯದಿಂದ ಅರಣ್ಯಶಾಸ್ತ್ರವನ್ನು ನಾಲ್ಕು ವರ್ಷ ಕ್ರಮವಾಗಿ ಓದಿ ಪದವಿ ಪಡೆದವನೇ ಕಾಡಿನ ವಿಷಯದಲ್ಲಿ ಅಧಿಕಾರವುಳ್ಳವನು, ಅವನಿಗಲ್ಲದೆ ಅನ್ಯರಿಗೆ ಆ ವೃತ್ತಿಯಲ್ಲಿ ಪ್ರವೇಶವಿರಕೂಡದು ಎಂಬುದೊಂದು ಮಾತು, ವಲಯ ಅರಣ್ಯಾಧಿಕಾರಿಗಳ ನೇಮಕಾತಿಯ ನಿಯಮಗಳು ಚರ್ಚೆಗೆ ಬಂದಾಗಲೆಲ್ಲ ನಮ್ಮ ಕಿವಿಗೆ ಬೀಳುವುದುಂಟು. ಇದನ್ನು ಹೇಳುವವರು ವಿದ್ಯಾರ್ಥಿಗಳು ಮಾತ್ರವಲ್ಲ. ವಿಷಯವನ್ನು ಬಲ್ಲ ಅಧ್ಯಾಪಕರೂ, ಸೇವೆಯಿಂದ ನಿವೃತ್ತರಾದ ಅಧಿಕಾರಿಗಳೂ, ಪರಿಸರದ ಬಗೆಗೆ ಕಳಕಳಿಯುಳ್ಳ ಸಾಮಾನ್ಯ ಜನರೂ ಇದನ್ನೇ ಸ್ವಲ್ಪ ಹೆಚ್ಚುಕಡಮೆಯಾಗಿ ನುಡಿಯುತ್ತಾರೆ. ಅಮೆರಿಕ, ಕೆನಡಾ ಮೊದಲಾದ ದೇಶಗಳಲ್ಲಿ ಅರಣ್ಯತಜ್ಞರಿಗೆ ಸರ್ಕಾರದ ಸನ್ನದು ಇದೆ, ಅಲ್ಲಿ ಪದವಿಗೆ ಬೆಲೆಯಿದೆ, ನಮ್ಮಲ್ಲಿಲ್ಲ ಎಂಬ ದೃಷ್ಟಾಂತವೂ ಆ ಮಾತಿನ ಬೆನ್ನಿಗೇ ಬರುತ್ತದೆ. ಆ ದೃಷ್ಟಾಂತವನ್ನು ಪರಿಶೀಲಿಸಿ ನೋಡಿದಾಗ, ಅದು ತನ್ನನ್ನು ಕರೆತಂದವರ ಪರವಾಗಿಯೇ ಸಾಕ್ಷಿ ನುಡಿಯುವುದೆಂಬುದು ಅಷ್ಟೇನೂ ನಿಶ್ಚಯವಲ್ಲ.

ಮೊದಲು ಆ ವಾದದ ಬಲವನ್ನು ಯಥಾವತ್ತಾಗಿ ಒಪ್ಪಿಕೊಳ್ಳುವುದು ಯುಕ್ತ. ಕಾಡೆಂಬುದು ಒಂದು ಸಲ ಹಾಳಾದರೆ ಒಂದು ತಲೆಮಾರಿನೊಳಗೆ ಮರಳಿ ಬರತಕ್ಕ ವಸ್ತುವಲ್ಲ. ಮಣ್ಣಿನ ಗುಣ, ಬೀಜದ ಸ್ವಭಾವ, ಮರದ ಅಳತೆ, ಕೀಟಗಳ ಬಾಧೆ, ಬೆಂಕಿಯ ನಡೆ, ನಾಟಾದ ಬೆಲೆ, ಕಾಡಂಚಿನ ಜನರ ಹಕ್ಕು ಇವೆಲ್ಲವನ್ನೂ ಒಂದೆಡೆ ಕೂಡಿಸಿ ಕಲಿಸುವ ಶಿಕ್ಷಣವೊಂದಿದ್ದರೆ ಅದು ಅರಣ್ಯಶಾಸ್ತ್ರದ ಶಿಕ್ಷಣವೇ ಹೊರತು ಬೇರೆಯಲ್ಲ. ಸಸ್ಯಶಾಸ್ತ್ರಜ್ಞನು ಮರವನ್ನು ಬಲ್ಲನು, ಆದರೆ ಅದನ್ನು ಯಾವಾಗ ಕಡಿಯಬೇಕೆಂಬುದನ್ನು ಬಲ್ಲನೆಂಬ ನಿಯಮವಿಲ್ಲ. ಗಣಿತಜ್ಞನು ಎಣಿಕೆಯನ್ನು ಬಲ್ಲನು, ಆದರೆ ಎಣಿಸತಕ್ಕ ಮರ ಯಾವುದೆಂಬುದು ಅವನಿಗೆ ಹೊಸತು. ಸಾರ್ವಜನಿಕ ಹಣದಿಂದ ಕಾಲೇಜುಗಳನ್ನು ನಡೆಸಿ, ಅಲ್ಲಿ ಓದಿದವರನ್ನು ಹೊರಗಿಟ್ಟು, ಓದದವರನ್ನು ಆರಿಸಿ ಆಮೇಲೆ ಅವರಿಗೆ ಪಾಠ ಹೇಳುವುದು ವಿಚಿತ್ರವಾದ ಗೃಹಕೃತ್ಯವೆಂಬ ಆಕ್ಷೇಪಣೆಯೂ ಹಗುರಾದುದಲ್ಲ. ಇಷ್ಟರಮಟ್ಟಿಗೆ ನಾನು ಆ ವಾದದೊಡನೆ ಇದ್ದೇನೆ. ಆದರೆ ಅರಣ್ಯಶಿಕ್ಷಣ ಅಮೂಲ್ಯವೆಂಬ ಪೂರ್ವಪೀಠಿಕೆಯಿಂದ ಅರಣ್ಯಪದವಿಯೇ ಸನ್ನದೆಂಬ ಸಿದ್ಧಾಂತಕ್ಕೆ ಹಾರುವಾಗ ನಡುವೆ ಒಂದು ಹಳ್ಳವಿದೆ. ಅದರ ಅಗಲವನ್ನು ಯಾರೂ ಅಳೆದಂತೆ ಕಾಣುವುದಿಲ್ಲ.

ಆ ವಾದದಲ್ಲಿ ಮೂರು ಪ್ರತ್ಯೇಕ ವಸ್ತುಗಳು ಒಂದೇ ಹೆಸರಿನ ಮರೆಯಲ್ಲಿ ನಿಂತಿವೆ. ಅವನ್ನು ಬಿಡಿಸಿ ಇಡುವುದೇ ವಿಚಾರದ ಮೊದಲ ಮೆಟ್ಟಿಲು:

1. ಪದವಿ. ಇದು ವಿದ್ಯಾಲಯವು ಕೊಡುವ ಸಾಕ್ಷ್ಯ. ಇದರ ಮುಖ ಹಿಂದಕ್ಕೆ. ಈತನು ಇಂತಿಂಥ ವಿಷಯಗಳನ್ನು ಓದಿದನು, ಪರೀಕ್ಷೆಯಲ್ಲಿ ತೇರ್ಗಡೆಯಾದನು ಎಂಬುದಷ್ಟೇ ಇದರ ಅರ್ಥ. ಒಮ್ಮೆ ಕೊಟ್ಟ ಪದವಿಯನ್ನು, ಅದನ್ನು ಪಡೆದವನು ಮುಂದೆ ಮಾಡುವ ತಪ್ಪಿಗಾಗಿ ವಿಶ್ವವಿದ್ಯಾಲಯವು ಸಾಮಾನ್ಯವಾಗಿ ಕಿತ್ತುಕೊಳ್ಳುವುದಿಲ್ಲ.

2. ಸನ್ನದು. ಇದು ರಾಜ್ಯವು ಜನತೆಯ ಪರವಾಗಿ ಕೊಡುವ ಅನುಜ್ಞೆ. ಇದರ ಮುಖ ಮುಂದಕ್ಕೆ. ಈತನು ಇನ್ನು ಮಾಡುವ ಕೆಲಸಕ್ಕೆ ಈತನೇ ಹೊಣೆ, ಹೊಣೆ ತಪ್ಪಿದರೆ ಈತನನ್ನು ಕರೆದು ಕೇಳತಕ್ಕ ಮಂಡಲಿಯೊಂದಿದೆ ಎಂಬುದು ಇದರ ತಿರುಳು. ಆದುದರಿಂದಲೇ ಇದನ್ನು ಅಮಾನತ್ತಿನಲ್ಲಿಡಬಹುದು, ರದ್ದುಗೊಳಿಸಬಹುದು.

3. ಹುದ್ದೆ. ಇದು ಒಡೆಯನು ಆಳಿಗೆ ಕೊಡುವ ಕೆಲಸ. ಒಡೆಯನು ಸರ್ಕಾರವೇ ಆಗಿದ್ದರೂ ಇದರ ಸ್ವರೂಪ ಬದಲಾಗದು. ಯಾರನ್ನು ಆರಿಸಬೇಕೆಂಬುದು ಅವನ ಅನುಕೂಲದ, ನ್ಯಾಯದ, ನೀತಿಯ ಪ್ರಶ್ನೆ.

ಈ ಭೇದವನ್ನು ಕಂಡಮೇಲೆ ವೈದ್ಯನ ಮತ್ತು ವಕೀಲನ ಉಪಮಾನವೇ ತನ್ನನ್ನು ತಂದವರ ವಿರುದ್ಧ ತಿರುಗುತ್ತದೆ. ಸನ್ನದೆಂಬ ಶಬ್ದವೇ ಕನ್ನಡಿಗರಿಗೆ ವಕೀಲರ ಮೂಲಕ ಪರಿಚಿತವಾದುದು. ನ್ಯಾಯಶಾಸ್ತ್ರದ ಪದವಿಯನ್ನು ಗೋಡೆಗೆ ತೂಗುಹಾಕಿ, ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದೆ ಇದ್ದವನು ಪದವೀಧರನೇ ಹೊರತು ವಕೀಲನಲ್ಲವೆಂಬುದನ್ನು ಅರಿಯದವರಾರು? 2010ರಿಂದ ಈಚೆಗಂತೂ ಪದವಿ ಮತ್ತು ನೋಂದಣಿಗಳ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯೂ ಸೇರಿದೆ. ವೈದ್ಯವಿದ್ಯಾರ್ಥಿಯು ಪಾಠಗಳನ್ನು ಮುಗಿಸಿದ ಮೇಲೂ ಒಂದು ವರ್ಷ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣಿನಡಿಯಲ್ಲಿ ದುಡಿದು, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾದ ಬಳಿಕವೇ ಚೀಟಿ ಬರೆಯಲು ಅರ್ಹನಾಗುತ್ತಾನೆ. ಪದವಿಯೇ ಸನ್ನದಾಗಿರುವ ವೃತ್ತಿಯನ್ನು ಹುಡುಕಿ ಹೊರಟವರು ಈ ಎರಡು ಮನೆಗಳ ಬಾಗಿಲನ್ನು ತಟ್ಟಿ ಬರಿಗೈಯಲ್ಲೇ ಮರಳಬೇಕಾಗುವುದು.

ಇನ್ನು ಅಮೆರಿಕದ ದೃಷ್ಟಾಂತ. ಆ ದೇಶದಲ್ಲಿ ಅರಣ್ಯತಜ್ಞರ ಸನ್ನದು ಒಕ್ಕೂಟದ ವಿಷಯವಲ್ಲ, ರಾಜ್ಯಗಳ ವಿಷಯ. ಕೆಲವು ರಾಜ್ಯಗಳಲ್ಲಿದೆ, ಬಹುಪಾಲು ರಾಜ್ಯಗಳಲ್ಲಿಲ್ಲ. ಇರುವವುಗಳಲ್ಲಿ ಅತ್ಯಂತ ಕಟ್ಟುನಿಟ್ಟಿನ ವ್ಯವಸ್ಥೆಗಳಲ್ಲೊಂದು ಕ್ಯಾಲಿಫೋರ್ನಿಯದ್ದು. ಅಲ್ಲಿ 1972ರಲ್ಲಿ ವೃತ್ತಿನಿರತ ಅರಣ್ಯತಜ್ಞರ ಕಾನೂನು ಬಂದಿತು. ಮರುವರ್ಷವೇ, 1973ರಲ್ಲಿ, ಖಾಸಗಿ ಭೂಮಿಯ ಕಾಡನ್ನು ಕಡಿಯುವ ರೀತಿಯನ್ನು ವಿಧಿಸುವ ಅರಣ್ಯಾಚರಣೆಯ ಕಾನೂನು ಬಂದಿತು. ಇವೆರಡೂ ಬೆನ್ನಿಗೆ ಬೆನ್ನಾಗಿ ಬಂದುದು ಆಕಸ್ಮಿಕವೆಂದು ಭಾವಿಸಲಾಗದು. ಎರಡನೆಯ ಕಾನೂನಿನಂತೆ ಖಾಸಗಿ ಒಡೆಯನು ವ್ಯಾಪಾರಕ್ಕಾಗಿ ಮರ ಕಡಿಯಬೇಕಾದರೆ ಸಾಮಾನ್ಯವಾಗಿ ಕಟಾವಿನ ಯೋಜನೆಯೊಂದನ್ನು ಬರೆಯಿಸಿ ಒಪ್ಪಿಸಬೇಕು. ಮೊದಲನೆಯದರಂತೆ ಆ ಯೋಜನೆಯನ್ನು ಬರೆದು ರುಜು ಹಾಕತಕ್ಕವನು ನೋಂದಾಯಿತ ಅರಣ್ಯತಜ್ಞನೇ ಆಗಿರಬೇಕು. ಅವನ ರುಜುವಿನ ಜೊತೆಗೆ ಅವನ ಸನ್ನದಿನ ಸಂಖ್ಯೆಯೂ ಬೀಳುತ್ತದೆ. ಈ ನೋಂದಣಿಗೆ ಬೇಕಾದುದೇನು? ಏಳು ವರ್ಷಗಳ ಅರಣ್ಯಾನುಭವ ಮತ್ತು ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆ. ಅರಣ್ಯಶಾಸ್ತ್ರದ ಪದವಿಯಿದ್ದವನಿಗೆ ಆ ಏಳರಲ್ಲಿ ನಾಲ್ಕು ವರ್ಷಗಳ ವಿನಾಯಿತಿ ದೊರೆಯುತ್ತದೆ. ಉಳಿದ ಮೂರನ್ನು ತಾನೇ ಹೊಣೆ ಹೊತ್ತೋ, ಹೊಣೆ ಹೊತ್ತವರ ಕೈಕೆಳಗೆ ದುಡಿದೋ ಗಳಿಸಲೇಬೇಕು. ಎಂದರೆ ಪದವಿಯಿದ್ದೂ ಅನುಭವವಿಲ್ಲದವನು ಆ ಬಾಗಿಲಲ್ಲಿ ನಿಲ್ಲಬೇಕು. ಪದವಿಯಿಲ್ಲದೆ ಏಳು ವರ್ಷ ದುಡಿದು ಪರೀಕ್ಷೆಯನ್ನು ದಾಟಿದವನು ಒಳಗೆ ಹೋಗಬಹುದು. ಪದವಿಗೆ ಬೆಲೆ ಕೊಡುವ ದೇಶವೆಂದು ನಮ್ಮವರು ಕೈತೋರಿಸುವ ಕಡೆಯಲ್ಲೇ ಪದವಿಯು ಅನಿವಾರ್ಯವೂ ಅಲ್ಲ, ಪರ್ಯಾಪ್ತವೂ ಅಲ್ಲ. ಅದಕ್ಕಿರುವುದು ಒಂದು ಗೊತ್ತಾದ ಬೆಲೆ: ನಾಲ್ಕು ವರ್ಷ.

ರುಜು ಹಾಕುವವನ ಕೆಲಸವೇನೆಂಬುದನ್ನು ತುಸು ಸಮೀಪದಿಂದ ನೋಡಿದರೆ ಈ ವ್ಯವಸ್ಥೆಯ ಕಾರಣ ತಿಳಿದೀತು. ಆ ರಾಜ್ಯದ ಉತ್ತರತೀರದ ರೆಡ್‌ವುಡ್ ಕಾಡುಗಳಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಗೆಯಲ್ಲಿ ಸಣ್ಣಪುಟ್ಟ ತೊರೆಗಳೆಷ್ಟೋ ಬತ್ತಿ ಬರಿಯ ಕಲ್ಲುಹಾಸಾಗುತ್ತವೆ. ಅಲ್ಲಿಯ ನಿಯಮಗಳು ನೀರಿನ ಹರಿವುಗಳನ್ನು ವರ್ಗೀಕರಿಸುತ್ತವೆ: ಮೀನು ಇರುವ ತೊರೆ ಮೊದಲನೆಯ ವರ್ಗ, ಮೀನಿಲ್ಲದಿದ್ದರೂ ಇತರ ಜಲಚರಗಳಿಗೆ ನೆಲೆಯಾದುದು ಎರಡನೆಯದು, ಜಲಚರಗಳಿಲ್ಲದೆ, ಮಳೆ ಬಂದಾಗ ಹೂಳನ್ನು ಕೆಳಕ್ಕೆ ಒಯ್ಯಬಲ್ಲುದು ಮೂರನೆಯದು. ವರ್ಗ ಮೇಲಾದಷ್ಟೂ ದಡದಲ್ಲಿ ಉಳಿಸತಕ್ಕ ಮರಗಳ ಪಟ್ಟಿ ಅಗಲವಾಗುತ್ತದೆ, ಒಡೆಯನ ಲಾಭ ಕಿರಿದಾಗುತ್ತದೆ. ಈಗ ಆಗಸ್ಟ್ ತಿಂಗಳಿನಲ್ಲಿ ಬಣ್ಣದ ಪಟ್ಟಿಯ ಸುರುಳಿಯನ್ನು ಕೈಯಲ್ಲಿ ಹಿಡಿದು ಒಣಗಿದ ತೊರೆಯೊಂದರ ದಡದಲ್ಲಿ ನಿಂತ ಅರಣ್ಯತಜ್ಞನನ್ನು ಊಹಿಸಿಕೊಳ್ಳಿರಿ. ನೀರಿಲ್ಲ. ಇದು ಎರಡನೆಯ ವರ್ಗವೋ ಮೂರನೆಯದೋ ಎಂಬುದಕ್ಕೆ ಸಾಕ್ಷಿ ಬೇಕಾದರೆ ಬಗ್ಗಿ ಕಲ್ಲುಗಳನ್ನು ಮಗುಚಿ, ಅಡಿಯಲ್ಲಿ ಜಲಕೀಟಗಳ ಮರಿಗಳು ಕಟ್ಟಿಕೊಂಡ ಮರಳಿನ ಗೂಡುಗಳು ಅಂಟಿಕೊಂಡಿವೆಯೇ, ತೇವವನ್ನು ಬಯಸುವ ಗಿಡಗಳು ಅಂಚಿನಲ್ಲಿವೆಯೇ ಎಂದು ಹುಡುಕಬೇಕು. ಹುಡುಕದೆ ಮುಂದೆ ನಡೆದರೂ ಆ ದಿನ ಯಾರಿಗೂ ಗೊತ್ತಾಗದು. ಸರ್ಕಾರದ ಇಲಾಖೆಗಳು ಯೋಜನೆಯನ್ನು ಪರಿಶೀಲಿಸುವುದು ನಿಜ, ಸ್ಥಳಕ್ಕೆ ಬರುವುದೂ ನಿಜ. ಆದರೆ ಅವರು ಪ್ರತಿ ತೊರೆಯ ಪ್ರತಿ ಕಲ್ಲನ್ನು ಮಗುಚಲಾರರು. ಕಲ್ಲನ್ನು ಮಗುಚಿದೆನೆಂದು ಹೇಳುವವನ ಮಾತನ್ನು ರಾಜ್ಯವು ನಂಬಬೇಕಾಗಿದೆ. ಅವನಿಗೆ ಸಂಬಳ ಕೊಡುವವನಾದರೋ, ಕಲ್ಲಿನಡಿಯಲ್ಲಿ ಏನೂ ಇರದಿರಲಿ ಎಂದು ಬಯಸುವ ಒಡೆಯ. ಸನ್ನದು ಹುಟ್ಟಿರುವುದು ಈ ಇಕ್ಕಟ್ಟಿನಲ್ಲಿ. ವಂಚನೆ, ಸುಳ್ಳು ಹೇಳಿಕೆ, ಅಸಾಮರ್ಥ್ಯ, ಘೋರ ನಿರ್ಲಕ್ಷ್ಯ ಇವುಗಳಿಗಾಗಿ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರ ಅಲ್ಲಿಯ ಅರಣ್ಯಮಂಡಲಿಗಿದೆ. ಜಲಕೀಟದ ಗೂಡನ್ನು ಗುರುತಿಸಲು ಪದವಿ ಕಲಿಸೀತು. ಗೂಡು ಕಂಡಾಗ ಕಂಡಿತೆಂದು ಬರೆಯುವಂತೆ ಮಾಡುವುದು, ಬರೆಯದಿದ್ದರೆ ಜೀವನೋಪಾಯವೇ ಹೋದೀತೆಂಬ ಅರಿವು.

ಹಾಗೆಂದು ಕ್ಯಾಲಿಫೋರ್ನಿಯದ ಲೆಕ್ಕಾಚಾರವನ್ನು ನಿರ್ದುಷ್ಟವೆಂದು ಕೊಂಡಾಡುವ ಇರಾದೆ ನನ್ನದಲ್ಲ. ಕಲಿಕೆಯನ್ನೂ ದುಡಿಮೆಯನ್ನೂ 'ವರ್ಷ'ವೆಂಬ ಒಂದೇ ನಾಣ್ಯಕ್ಕೆ ಪರಿವರ್ತಿಸಿ, ನಾಲ್ಕು ವರ್ಷದ ಓದು ನಾಲ್ಕು ವರ್ಷದ ದುಡಿಮೆಗೆ ಸಮವೆಂದು ವಿಧಿಸುವುದರಲ್ಲಿ ಆಡಳಿತದ ಸೌಕರ್ಯವಿದೆಯೇ ಹೊರತು ಜ್ಞಾನಮೀಮಾಂಸೆಯಿಲ್ಲ. ಒಂದೇ ಬಗೆಯ ಕೆಲಸವನ್ನು ಏಳು ಸಲ ಮಾಡಿದವನಿಗೂ ಏಳು ವರ್ಷ, ಏಳು ಬಗೆಯ ಕಾಡುಗಳನ್ನು ಕಂಡವನಿಗೂ ಏಳು ವರ್ಷ. ಈ ದೋಷವನ್ನು ಸ್ವಲ್ಪವಾದರೂ ಸರಿದೂಗಿಸುವುದಕ್ಕೇ ಪರೀಕ್ಷೆಯಿರುವುದೆಂದು ತೋರುತ್ತದೆ. ಅದಲ್ಲದೆ, ಪದವಿಯೆಂದರೆ ಯಾವ ಪದವಿ ಎಂಬ ಪ್ರಶ್ನೆಯೂ ಉಳಿಯುತ್ತದೆ. ಅಮೆರಿಕದ ಅರಣ್ಯತಜ್ಞರ ಸಂಘವು, 1900ರಲ್ಲಿ ಗಿಫರ್ಡ್ ಪಿನ್‌ಶೋ ಮೊದಲಾದವರಿಂದ ಸ್ಥಾಪಿತವಾದ ಆ ಸಂಸ್ಥೆ, 1935ರಿಂದ ಅರಣ್ಯಶಾಲೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತ ಬಂದಿದೆ. ಸನ್ನದು ಕೊಡುವ ರಾಜ್ಯಗಳು ಅನೇಕವು ಈ ಮಾನ್ಯತೆಯನ್ನೇ ಒರೆಗಲ್ಲಾಗಿ ಹಿಡಿಯುತ್ತವೆ. ಇದರ ಅರ್ಥವನ್ನು ಗಮನಿಸಬೇಕು. ಪದವಿಯು ತನ್ನ ಯೋಗ್ಯತೆಗೆ ತಾನೇ ಪ್ರಮಾಣವಲ್ಲ. ಅದನ್ನು ಕೊಟ್ಟ ಶಾಲೆಯನ್ನು ಇನ್ನೊಬ್ಬರು ಅಳೆದ ಮೇಲೆ ಮಾತ್ರ ಅದಕ್ಕೆ ಪ್ರಾಮಾಣ್ಯ ಬರುತ್ತದೆ. ಹೆಸರಿನಲ್ಲಿ 'ಅರಣ್ಯ' ಎಂಬ ಮೂರಕ್ಷರವಿದ್ದ ಮಾತ್ರಕ್ಕೆ ಎಲ್ಲ ಪದವಿಗಳೂ ಒಂದೇ ಆಗಲಾರವು.

ಸನ್ನದೆಂಬುದೂ ಒಂದೇ ಬಗೆಯದಲ್ಲ. ಹೆಸರನ್ನು ಕಾಯುವ ಸನ್ನದು ಬೇರೆ, ಕೆಲಸವನ್ನು ಕಾಯುವ ಸನ್ನದು ಬೇರೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1957ರ ಕಾನೂನು 'ನೋಂದಾಯಿತ ವೃತ್ತಿಪರ ಅರಣ್ಯತಜ್ಞ' ಎಂಬ ಬಿರುದನ್ನು ಮಾತ್ರ ಕಾಯುತ್ತಿತ್ತು. ಆ ಹೆಸರನ್ನು ಹಾಕಿಕೊಳ್ಳದೆ ಅದೇ ಕೆಲಸವನ್ನು ಯಾರು ಬೇಕಾದರೂ ಮಾಡಬಹುದಾಗಿದ್ದಿತು. ಕೆಲಸವನ್ನೇ ಸನ್ನದುದಾರರಿಗೆ ಮೀಸಲಿಟ್ಟುದು 2000ದ ಕಾನೂನು. ಬ್ರಿಟಿಷ್ ಕೊಲಂಬಿಯದಲ್ಲಿಯೂ 1947ರಲ್ಲಿ ಕಾನೂನುಬದ್ಧವಾದ ಅರಣ್ಯತಜ್ಞರ ಸಂಘಕ್ಕೆ ಕಾರ್ಯದ ಮೀಸಲು ದೊರೆತುದು ಅರ್ಧ ಶತಮಾನ ಕಳೆದ ಮೇಲೆ. ನಮ್ಮ ದೇಶದಲ್ಲಿಯೇ ಇದಕ್ಕೆ ಹತ್ತಿರದ ನಿದರ್ಶನವುಂಟು: 1972ರ ವಾಸ್ತುಶಿಲ್ಪಿಗಳ ಅಧಿನಿಯಮವು 'ಆರ್ಕಿಟೆಕ್ಟ್' ಎಂಬ ಹೆಸರನ್ನು ಕಾಯುತ್ತದೆಯಲ್ಲದೆ ಕಟ್ಟಡದ ನಕ್ಷೆ ಬರೆಯುವ ಕೆಲಸವನ್ನು ನೋಂದಾಯಿತರಿಗೆ ಮಾತ್ರ ಮೀಸಲಿಡುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. (ಅರಣ್ಯದ ವಿಷಯದಲ್ಲಿ ಹೆಸರಿನ ಗೊಂದಲ ನಮ್ಮಲ್ಲಿ ಇನ್ನೂ ಹೆಚ್ಚು. ಅಮೆರಿಕದಲ್ಲಿ 'ಫಾರೆಸ್ಟರ್' ಎಂದರೆ ವೃತ್ತಿಪರ ತಜ್ಞ. ನಮ್ಮ ಇಲಾಖೆಯಲ್ಲಿ ಅದು ಗಾರ್ಡಿನ ಮೇಲೆ, ವಲಯ ಅರಣ್ಯಾಧಿಕಾರಿಯ ಕೆಳಗೆ ಇರುವ ಒಂದು ದರ್ಜೆ. ಒಂದೇ ಶಬ್ದವನ್ನು ಹಿಡಿದು ಎರಡು ದೇಶಗಳನ್ನು ಹೋಲಿಸುವವರು ಎಷ್ಟು ಸುಲಭವಾಗಿ ಎಡವುತ್ತಾರೆಂಬುದಕ್ಕೆ ಇದೊಂದು ಸಾಲದೆ?) ಇನ್ನೂ ಮುಂದೆ ಹೋದರೆ, ಸನ್ನದೇ ಇಲ್ಲದೆಯೂ ಕಾಡನ್ನು ಕಾಯಬಹುದೆಂದು ನಂಬಿರುವ ರಾಜ್ಯವೊಂದು ಕ್ಯಾಲಿಫೋರ್ನಿಯದ ಮಗ್ಗುಲಲ್ಲಿಯೇ ಇದೆ. ಮೆದುಮರದ ನಾಟಾವನ್ನು ಕೊಯ್ಯುವುದರಲ್ಲಿ ಆ ದೇಶಕ್ಕೇ ಅಗ್ರಗಣ್ಯವಾದ ಆರೆಗಾನ್, 1971ರಲ್ಲಿಯೇ ಅರಣ್ಯಾಚರಣೆಯ ಕಾನೂನನ್ನು ಮಾಡಿತಾದರೂ, ಅರಣ್ಯತಜ್ಞರಿಗೆ ಸನ್ನದನ್ನು ಕಡ್ಡಾಯ ಮಾಡಲಿಲ್ಲ. ಅಲ್ಲಿ ರಾಜ್ಯವು ಮನುಷ್ಯನನ್ನು ಹಿಡಿಯುವುದಿಲ್ಲ, ಕೃತ್ಯವನ್ನು ಹಿಡಿಯುತ್ತದೆ: ಕಡಿಯುವ ಮುನ್ನ ತಿಳಿಸಬೇಕು, ಕಡಿದ ಮೇಲೆ ಮತ್ತೆ ನೆಡಬೇಕು, ದಡವನ್ನು ಬಿಡಬೇಕು, ತಪ್ಪಿದರೆ ದಂಡ. ಎರಡು ದಾರಿಗಳಲ್ಲಿ ಯಾವುದು ಲೇಸೆಂಬುದು ಇಲ್ಲಿ ಅಪ್ರಕೃತ. ಒಂದೇ ಪದವಿಯನ್ನು ಹೊತ್ತ ಇಬ್ಬರಲ್ಲಿ ಒಬ್ಬನಿಗೆ ಸನ್ನದು ಬೇಕು, ಗಡಿಯ ಆಚೆಗಿರುವವನಿಗೆ ಬೇಡ. ಆದ್ದರಿಂದ ಸನ್ನದಿನ ಅವಶ್ಯಕತೆಯು ಪದವಿಯ ಒಳಗಿನಿಂದ ಬರತಕ್ಕುದಲ್ಲವೆಂಬುದಿಷ್ಟೇ ಪ್ರಕೃತ.

ಇಲ್ಲಿ ಒಂದು ಆಕ್ಷೇಪಣೆ ಎದ್ದೀತು. ಪ್ರತಿಪಕ್ಷದವರು ಅದನ್ನು ಅಪರೂಪವಾಗಿ ಹೇಳುತ್ತಾರಾದರೂ ಅವರ ಬತ್ತಳಿಕೆಯಲ್ಲಿರುವ ಅತ್ಯಂತ ಹರಿತವಾದ ಬಾಣ ಅದೇ ಎಂದು ನನ್ನ ಎಣಿಕೆ. ಬೇರೆ ವೃತ್ತಿಗಳಲ್ಲಿ ಅನುಭವವು ಗುರುವಾಗುವುದು, ತಪ್ಪಿನ ಫಲ ಬೇಗನೆ ಕಣ್ಣಿಗೆ ಬೀಳುವುದರಿಂದ. ಬಡಗಿಯ ತಪ್ಪು ಸಂಜೆಯೊಳಗೆ ತಿಳಿಯುತ್ತದೆ, ವೈದ್ಯನದು ವಾರದೊಳಗೆ, ಒಕ್ಕಲಿಗನದು ಸುಗ್ಗಿಯೊಳಗೆ. ಕಾಡಿನಲ್ಲಿ ಹಾಗಲ್ಲ. ಮಲಬಾರಿನ ಕಲೆಕ್ಟರಾಗಿದ್ದ ಕಾನೊಲಿಯ ಆಶಯದಂತೆ ಚಾತು ಮೇನೋನರು ನಿಲಂಬೂರಿನಲ್ಲಿ 1840ರ ದಶಕದಲ್ಲಿ ನೆಡಿಸಿದ ತೇಗದ ತೋಪಿನ ಒಂದು ಭಾಗ ಇಂದಿಗೂ ನಿಂತಿದೆ. ಕಾನೊಲಿಯಾದರೋ 1855ರಲ್ಲಿಯೇ ತೀರಿಕೊಂಡನು. ಸಸಿಗಳ ನಡುವಣ ಅಂತರ ಸರಿಯಿತ್ತೇ, ಯಾವ ವಯಸ್ಸಿನಲ್ಲಿ ಎಡೆಯ ಮರಗಳನ್ನು ತೆಗೆದು ವಿರಳಗೊಳಿಸಬೇಕಾಗಿದ್ದಿತು ಎಂಬುದಕ್ಕೆ ಉತ್ತರ ದೊರೆಯುವ ಹೊತ್ತಿಗೆ ನೆಟ್ಟವನು ಇರುವುದಿಲ್ಲ. ಹಾಗಿರುವಲ್ಲಿ ಏಳು ವರ್ಷಗಳ ಅನುಭವವು ಕಲಿಸುವುದೇನನ್ನು? ಒಂದು ಮರದ ಆಯುಸ್ಸಿನಲ್ಲಿ ಹತ್ತನೆಯ ಒಂದು ಪಾಲನ್ನೂ ಕಾಣದವನು ತಾನು ಅನುಭವಿಯೆಂದು ಹೇಳಿಕೊಳ್ಳುವುದು ಹಾಸ್ಯಾಸ್ಪದವಲ್ಲವೆ? ಅನೇಕ ತಲೆಮಾರುಗಳ ಅವಲೋಕನವನ್ನು ಕ್ರೋಡೀಕರಿಸಿ ಕೊಡುವ ಶಾಸ್ತ್ರವೊಂದೇ ಇಲ್ಲಿ ನಿಜವಾದ ಅನುಭವ. ಆದುದರಿಂದ ಅರಣ್ಯವೃತ್ತಿಯಲ್ಲಿ ಪದವಿಯು ಇತರ ವೃತ್ತಿಗಳಿಗಿಂತ ಹೆಚ್ಚು ಅನಿವಾರ್ಯ.

ಈ ಆಕ್ಷೇಪಣೆಯ ಅರ್ಧವನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಶಾಸ್ತ್ರವಿಲ್ಲದೆ ಅರಣ್ಯತಜ್ಞನಿಲ್ಲ. ಆದರೆ ಶಾಸ್ತ್ರವನ್ನು ಅರಿತಿರಬೇಕೆಂಬುದಕ್ಕೂ ಅದನ್ನು ಇಂಥ ಕಟ್ಟಡದೊಳಗೆ, ಇಂತಿಷ್ಟು ವರ್ಷ ಕುಳಿತು ಅರಿತಿರಬೇಕೆಂಬುದಕ್ಕೂ ಅಂತರವಿದೆ; ಅರಿವನ್ನು ಪರೀಕ್ಷಿಸುವ ಬೇರೆ ಉಪಾಯವಿರುವಲ್ಲಿ ಎರಡನೆಯದನ್ನು ಕಡ್ಡಾಯ ಮಾಡಲು ಬೇರೆ ಕಾರಣ ಬೇಕು. ಮಿಕ್ಕ ಅರ್ಧದ ವಿಷಯದಲ್ಲಿ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ಅನುಭವವು ಕಲಿಸುವುದು ಮರದ ಆಯುಸ್ಸನ್ನಲ್ಲ, ಸ್ಥಳದ ಸ್ವಭಾವವನ್ನು: ಈ ಗುಡ್ಡದ ಯಾವ ಮಗ್ಗುಲು ಮಳೆಗೆ ಜರಿಯುತ್ತದೆ, ಗಾಳಿ ಯಾವ ಕಡೆಯಿಂದ ಬಂದು ಎಳೆಯ ಮರಗಳನ್ನು ಕೆಡವುತ್ತದೆ, ದನಗಳು ಯಾವ ದಾರಿಯಿಂದ ನುಗ್ಗುತ್ತವೆ, ಕೂಲಿಯಾಳು ಯಾವ ತಿಂಗಳು ದೊರೆಯುವುದಿಲ್ಲ ಎಂಬಿವು ಪುಸ್ತಕದಲ್ಲಿರುವುದಿಲ್ಲ, ಇರಲೂ ಸಾಧ್ಯವಿಲ್ಲ. ಇವನ್ನರಿಯದ ಶಾಸ್ತ್ರಜ್ಞನ ಯೋಜನೆ ಕಾಗದದ ಮೇಲೆ ಸೊಗಸಾಗಿರುತ್ತದೆ. ತಪ್ಪು ತಡವಾಗಿ ತೋರುವ ವೃತ್ತಿಯಲ್ಲಿ, ತಪ್ಪಿದವನನ್ನು ಕರೆದು ಕೇಳುವ ವ್ಯವಸ್ಥೆ ಇನ್ನೂ ಬಲವಾಗಿರಬೇಕೆಂಬುದೂ ಇದೇ ಆಕ್ಷೇಪಣೆಯಿಂದ ಹೊರಡುವ ತೀರ್ಮಾನ. ಅದು ಪದವಿಯ ಪರವಾದುದಲ್ಲ, ಸನ್ನದಿನ ಪರವಾದುದು.

ವಿರುದ್ಧ ದಿಕ್ಕಿನಿಂದಲೂ ಒಂದು ಅವಸರದ ವಾದ ಬರುವುದುಂಟು. ಭಾರತದ ಅರಣ್ಯಾಡಳಿತಕ್ಕೆ ಅಡಿಗಲ್ಲನ್ನಿಟ್ಟ ಡೀಟ್ರಿಕ್ ಬ್ರಾಂಡಿಸನು ಬಾನ್ ನಗರದಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕನಾಗಿದ್ದವನು. 1856ರಲ್ಲಿ ಪೆಗುವಿನ ತೇಗದ ಕಾಡುಗಳಿಗೆ ಮೇಲ್ವಿಚಾರಕನಾಗಿ, 1864ರಲ್ಲಿ ದೇಶದ ಮೊದಲನೆಯ ಅರಣ್ಯ ಮಹಾನಿರೀಕ್ಷಕನಾದ ಅವನ ಬಳಿ ಅರಣ್ಯಪದವಿಯಿರಲಿಲ್ಲ. ಬ್ರಾಂಡಿಸನನ್ನು ಗುರುವೆಂದು ಭಾವಿಸಿದ್ದ ಪಿನ್‌ಶೋ ಫ್ರಾನ್ಸಿನ ನಾನ್ಸಿಯ ಅರಣ್ಯಶಾಲೆಯಲ್ಲಿ ವರ್ಷ ಕಾಲ ಕಳೆದು, ಇನ್ನಷ್ಟು ಓದಬೇಕೆಂಬ ಗುರುವಿನ ಸಲಹೆಯನ್ನು ಮೀರಿ, ಪದವಿಯಿಲ್ಲದೆ ಮರಳಿದವನು. 1905ರಲ್ಲಿ ಅಮೆರಿಕದ ಅರಣ್ಯಸೇವೆಗೆ ಮೊದಲ ಮುಖ್ಯಸ್ಥನಾದವನು ಅವನೇ. ಆದ್ದರಿಂದ ಪದವಿಯೇ ವ್ಯರ್ಥವೆನ್ನುವವರು ಕಥೆಯ ಉತ್ತರಾರ್ಧವನ್ನು ಮರೆಯುತ್ತಾರೆ. ಬ್ರಾಂಡಿಸನ ಪ್ರಯತ್ನದಿಂದ 1878ರಲ್ಲಿ ಡೆಹರಾಡೂನಿನಲ್ಲಿ ಅರಣ್ಯಶಾಲೆ ತೆರೆಯಿತು. ಪಿನ್‌ಶೋ ಮನೆತನದ ಹಣದಿಂದ 1900ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಲೆ ಹುಟ್ಟಿತು. ಪದವಿಯಿಲ್ಲದವರೇ ಪದವಿಯನ್ನು ಸ್ಥಾಪಿಸಿದರು. ತಾವು ನಡೆದ ದಾರಿಯಲ್ಲಿ ಎಲ್ಲರೂ ನಡೆಯಲಾರರೆಂಬುದನ್ನು ಆ ಇಬ್ಬರೂ ಚೆನ್ನಾಗಿ ಅರಿತಿದ್ದರೆಂದು ಕಾಣುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಅಮೆರಿಕದ ಸನ್ನದುದಾರನ ಕ್ರಮ ಹೀಗೆ: ಓದು, ದುಡಿಮೆ, ಪರೀಕ್ಷೆ, ಕೊನೆಗೆ ರುಜು. ನಮ್ಮ ಕ್ರಮ ಡೆಹರಾಡೂನಿನ ಶಾಲೆಯ ಕಾಲದಿಂದಲೂ ಬಹುಮಟ್ಟಿಗೆ ತಲೆಕೆಳಗು: ಪರೀಕ್ಷೆ, ಹುದ್ದೆ, ಆಮೇಲೆ ಓದು, ಕೊನೆಗೆ ರುಜು. 1966ರಲ್ಲಿ ಹೊಸದಾಗಿ ರಚಿತವಾದ ಭಾರತೀಯ ಅರಣ್ಯಸೇವೆಗೆ ಇಂದಿಗೂ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಪಶುವೈದ್ಯ, ಕೃಷಿ, ಎಂಜಿನಿಯರಿಂಗ್ ಓದಿದವರು ಅರಣ್ಯಶಾಸ್ತ್ರ ಓದಿದವರಷ್ಟೇ ಅರ್ಹರು. ಆಯ್ಕೆಯಾದ ಮೇಲೆ ಡೆಹರಾಡೂನಿನ ಅಕಾಡೆಮಿಯಲ್ಲಿ ಅವರಿಗೆ ಕಾಡಿನ ಪಾಠವಾಗುತ್ತದೆ. ಇದು ನಡೆದುಬಂದುದಕ್ಕೆ ಕಾರಣ ಸ್ಪಷ್ಟ: ನಮ್ಮಲ್ಲಿ ಕಾಡಿನ ಒಡೆಯನು ಸರ್ಕಾರ, ಯೋಜನೆ ಬರೆಯುವವನೂ ಸರ್ಕಾರ, ಕಡಿಯಲು ಒಪ್ಪಿಗೆ ಕೊಡುವವನೂ ಸರ್ಕಾರ. 1996ರ ಡಿಸೆಂಬರ್ 12ರಂದು ಗೋದವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಂದ್ರದ ಅನುಮೋದನೆ ಪಡೆದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯಕೂಡದೆಂದು ವಿಧಿಸಿದಾಗಲೂ ಆ ಯೋಜನೆಗೆ ರುಜು ಹಾಕಬೇಕಾದುದು ಹುದ್ದೆಯೇ, ಸನ್ನದಲ್ಲ. ವರ್ಗಾವಣೆಯಾದೊಡನೆ ರುಜುವಿನ ಹೊಣೆ ಮುಂದಿನವನ ಮೇಜಿಗೆ ಹೋಗುತ್ತದೆ. ಅಮೆರಿಕದಲ್ಲಿಯೂ ಒಕ್ಕೂಟ ಸರ್ಕಾರವು ತನ್ನ ಕಾಡುಗಳಿಗೆ ಅರಣ್ಯತಜ್ಞರನ್ನು ನೇಮಿಸುವಾಗ ಅರಣ್ಯಶಾಸ್ತ್ರದ ಪಾಠಗಳನ್ನು ಇಂತಿಷ್ಟು ಓದಿರಬೇಕೆಂದು ಕೇಳುತ್ತದೆಯೇ ಹೊರತು ರಾಜ್ಯದ ಸನ್ನದನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಒಡೆಯನಾಗಿ ಕೇಳುವಾಗ ಪದವಿ, ಜನತೆಯ ಕಾವಲಿಗನಾಗಿ ಕೇಳುವಾಗ ಸನ್ನದು.

ಆದುದರಿಂದ, ವಲಯ ಅರಣ್ಯಾಧಿಕಾರಿಯ ಹುದ್ದೆಗಳಲ್ಲಿ ಇಂತಿಷ್ಟು ಪಾಲು ಅರಣ್ಯಪದವೀಧರರಿಗೆ ಮೀಸಲಾಗಿರಬೇಕೆಂಬ ಬೇಡಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಒಡೆಯನಾದ ಸರ್ಕಾರವು ತನ್ನ ಕೆಲಸಕ್ಕೆ ತಕ್ಕ ಆಳನ್ನು ಆರಿಸಲೆಂಬ ಆ ಮಾತಿನಲ್ಲಿ ಬಹಳಷ್ಟು ವಿವೇಕವಿದೆ, ಪಾಲು ಹೆಚ್ಚಿದರೂ ನನಗೆ ಸಂತೋಷವೇ. ಆದರೆ ಅದು ನೇಮಕಾತಿಯ ವಾದ. ಅದಕ್ಕೆ ವಿದೇಶದ ಸನ್ನದಿನ ನಿಲುವಂಗಿಯನ್ನು ತೊಡಿಸಿ ನಿಲ್ಲಿಸಿದಾಗ, ಆ ನಿಲುವಂಗಿಯ ಜೇಬಿನಲ್ಲಿರುವ ಹೊಣೆ, ಪರೀಕ್ಷೆ, ವಜಾ ಎಂಬ ಮೂರು ಕಾಗದಗಳನ್ನು ಯಾರೂ ತೆಗೆದು ಓದುವುದಿಲ್ಲ. ನಿಜವಾದ ಸನ್ನದನ್ನು ಕೇಳುವವರು ಅದರ ಜೊತೆಗೆ ಬರುವ ದಂಡನೆಯನ್ನೂ ಕೇಳಬೇಕಾದೀತು. ಪದವಿಯಿಲ್ಲದೆಯೂ ಪರೀಕ್ಷೆಯನ್ನು ದಾಟಬಲ್ಲ ಅನುಭವಿಗೆ ಬಾಗಿಲನ್ನು ತೆರೆದಿಡಬೇಕೆ ಎಂಬ ಅಹಿತವಾದ ಪ್ರಶ್ನೆಗೂ ಉತ್ತರ ಹೇಳಬೇಕಾದೀತು.

ಸನ್ನದಿನ ಪ್ರಶ್ನೆ ನಮ್ಮಲ್ಲಿ ನಿಜವಾಗಿ ಏಳುವ ಜಾಗವೊಂದಿದೆ. ಅದು ಇಲಾಖೆಯ ಕಾಡಲ್ಲ, ರೈತನ ಹೊಲ. 2001ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಂದ ತಿದ್ದುಪಡಿಯಿಂದ ತನ್ನ ಜಮೀನಿನಲ್ಲಿ ಬೆಳೆದ ಶ್ರೀಗಂಧಕ್ಕೆ ಭೂಮಾಲೀಕನೇ ಒಡೆಯನೆಂದಾದ ಮೇಲೆ ಒಣಭೂಮಿಯ ರೈತರು ಅನೇಕರು ಅದನ್ನು ನೆಡಲು ಮುಂದಾಗಿದ್ದಾರೆ. ಗಂಧವು ನೆರೆಯ ಗಿಡದ ಬೇರಿನಿಂದ ಆಹಾರ ಹೀರುವ ಅರೆಪರಾವಲಂಬಿ; ಯಾವ ಆಸರೆಯ ಗಿಡವನ್ನು, ಎಷ್ಟು ದೂರದಲ್ಲಿ, ಯಾವಾಗ ನೆಡಬೇಕೆಂಬುದರ ಮೇಲೆ ಅದರ ಅಳಿವು ಉಳಿವು ನಿಂತಿದೆ. ಬೆಲೆ ಬರುವುದು ಚೇಗಿಗೆ. ಚೇಗು ಕಟ್ಟುವುದು ನಿಧಾನ, ನೆಲದಿಂದ ನೆಲಕ್ಕೆ ಮರದಿಂದ ಮರಕ್ಕೆ ಭಿನ್ನ. ಈ ವಿಷಯವಾಗಿ ರೈತನಿಗೆ ಸಲಹೆ ಹೇಳುತ್ತಿರುವವರು ಹಲವೆಡೆ ಸಸಿ ಮಾರುವವರು. ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಕಿಲೋ ಚೇಗೆಂದು ಅವರು ನಿರಾಯಾಸವಾಗಿ ನುಡಿಯುತ್ತಾರೆ. ಒಡೆಯನ ಕೈಯಿಂದ ಸಂಬಳ ಪಡೆದ ತಜ್ಞನಿಗಿಂತಲೂ ಇಲ್ಲಿಯ ಸಲಹೆಗಾರನ ಸ್ವಾರ್ಥ ಹೆಚ್ಚು ನೇರವಾದುದು. ತಪ್ಪು ತೋರುವ ಕಾಲವಾದರೋ ಅಷ್ಟೇ ದೂರ. ಇಂಥಲ್ಲಿ ಅರಣ್ಯಪದವೀಧರನು ಸನ್ನದಿನ ಸಂಖ್ಯೆಯೊಡನೆ ಒಂದು ಹಾಳೆಯ ಯೋಜನೆ ಬರೆದು ರುಜು ಹಾಕಿಕೊಡುವ ಪದ್ಧತಿಯಿದ್ದಿದ್ದರೆ ಅವನ ಓದಿಗೆ ಹುದ್ದೆಯ ಹಂಗಿಲ್ಲದ ಗೌರವವೊಂದು ಬರುತ್ತಿದ್ದಿತು. ಆ ನೋಂದಣಿಯನ್ನು ಅರಣ್ಯ ಇಲಾಖೆಯ ಕೈಗೆ ಕೊಡಲಾಗದು, ಏಕೆಂದರೆ ಕಡಿಯಲು ಅನುಮತಿ ಕೊಡುವವನು ಸಲಹೆಗಾರನ ಒಡೆಯನೂ ಆಗಬಾರದು; ಪದವಿ ಕೊಡುವ ವಿಶ್ವವಿದ್ಯಾಲಯದ ಕೈಗೂ ಕೊಡಲಾಗದು, ಏಕೆಂದರೆ ತನ್ನ ಮಕ್ಕಳನ್ನು ತಾನೇ ಅಳೆಯುವುದು ಯಾವ ತಾಯಿಗೂ ಕಷ್ಟ. ಈಗಿನ ಸ್ಥಿತಿಯಲ್ಲಿ, ನೆಟ್ಟ ಹನ್ನೆರಡನೆಯ ವರ್ಷ ಅನುಮಾನ ಬಂದು ಬೈರಿಗೆಯಿಂದ ಮರವನ್ನು ಕೊರೆಯಿಸಿದ ರೈತನ ಅಂಗೈಗೆ ಬೀಳುವ ಪೆನ್ಸಿಲ್ ಗಾತ್ರದ ಕಡ್ಡಿಯು ತುದಿಯಿಂದ ತುದಿಯವರೆಗೆ ಬೆಳ್ಳಗೆ, ವಾಸನೆಯಿಲ್ಲದೆ ಇದ್ದರೆ, ಅವನು ಪೆಟ್ಟಿಗೆಯಿಂದ ಹುಡುಕಿ ತೆಗೆಯಬಹುದಾದುದು ಸಸಿ ಕೊಂಡ ದಿನದ ರಸೀದಿಯೊಂದನ್ನೇ. ಅದರಲ್ಲಿ ಸಸಿಗಳ ಸಂಖ್ಯೆಯಿದೆ, ಹಣದ ಮೊತ್ತವಿದೆ, ಸಲಹೆ ಯಾರದೆಂದು ಬರೆಯುವುದಕ್ಕೆ ಒಂದು ಗೆರೆಯೂ ಇಲ್ಲ.